ನಮ್ಮ ವೈನಿಯ ಕುದುರೆ

ನಮ್ಮ ಅಣ್ಣನ ಹೆಂಡತಿ ನೀಲಾಬಾಯಿಗೆ ಕುದುರೆ ಎಂದರೆ ಜೀವ. ಈ ಮಾತನ್ನು ನಾನು ಅಭಿಮಾನದಿಂದ ಹೇಳುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಕೆಯ ನಾದಿನಿಯಾಗಿ ಸಹಿಸಿಕೊಂಡು ಬಂದವಳ ದಣಿವಿನಿಂದ ಹೇಳುತ್ತಿದ್ದೇನೆ. ಒಬ್ಬೊಬ್ಬರ ಮನೆಗೆ ಹೋದರೆ ಒಂದೊಂದು ಪುರಾಣ ಕೇಳಬೇಕಾಗುತ್ತದೆ. ಕೆಲವರದು ಮಕ್ಕಳ ಮಾರ್ಕ್ಸು, ಕೆಲವರದು ಮೊಣಕಾಲು ನೋವು. ನಮ್ಮ ವೈನಿಯ ಮನೆಯಲ್ಲಿ ಕುದುರೆ. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎನ್ನುತ್ತೇವೆ. ನೀವು ಮಳೆಯ ಮಾತು ತೆಗೆಯಿರಿ, ತೊಗರಿಯ ಮಾತು ತೆಗೆಯಿರಿ, ಯಾರದೋ ತಿಥಿಯ ಮಾತು ತೆಗೆಯಿರಿ, ಚಹಾ ಆರುವುದರೊಳಗೆ ವೈನಿ ಅದನ್ನು ಕುದುರೆಗೆ ತಂದು ಕಟ್ಟಿರುತ್ತಾಳೆ.

ಹಾಗೆಂದು ಆಕೆ ಕುದುರೆ ಸಾಕಿದವಳಲ್ಲ, ಹತ್ತಿದವಳೂ ಅಲ್ಲ. ಸಾಕುವುದಕ್ಕೆ ಜಾಗ ಇರಲಿಲ್ಲ, ಹತ್ತುವುದಕ್ಕೆ ಯಾರೂ ಬಿಡಲಿಲ್ಲ. ಕೈಗೆ ಸಿಗದ ವಸ್ತುವನ್ನು ಇಷ್ಟು ವರ್ಷ ಪ್ರೀತಿಸುವುದು ಸುಲಭ ಎಂದು ನಾನು ಆಗಾಗ ಚುಚ್ಚುತ್ತಿದ್ದೆ. ಕೈಗೆ ಸಿಕ್ಕ ನಮ್ಮ ಅಣ್ಣನ ಮೇಲೆ ಅಷ್ಟು ಪ್ರೀತಿ ಇರಲಿಲ್ಲವಲ್ಲ.

ವೈನಿಯ ತವರು ಸೇಡಂ ತಾಲೂಕಿನ ಮುಧೋಳ. ಅಪ್ಪ ದೇವಿಂದ್ರಪ್ಪ ಒಕ್ಕಲುತನ ಮಾಡಿಕೊಂಡಿದ್ದವರು. ಕೊಟ್ಟಿಗೆಯಲ್ಲಿ ಎತ್ತುಗಳಿದ್ದವು, ಎಮ್ಮೆಗಳಿದ್ದವು, ಆಡಿನ ಮರಿಗಳು ಮನೆ ತುಂಬ ಓಡಾಡುತ್ತಿದ್ದವು. ಒಂದು ಹೆಣ್ಣುಮಗುವಿಗೆ ಪ್ರೀತಿಸಲು ಇಷ್ಟು ಸಾಲದೇ? ಆಕೆಗೆ ಸಾಲಲಿಲ್ಲ. ದೇವರ ಜಗುಲಿಯ ಮೇಲೆ ಕುದುರೆ ಏರಿದ ಮಲ್ಲಯ್ಯನ ಹಿತ್ತಾಳೆ ಮೂರ್ತಿ ಇತ್ತು. ಪುಟ್ಟ ನೀಲಾ ದಿನವೂ ಅದರ ಮುಂದೆ ನೆನೆಸಿದ ಕಡಲೆ ಇಡುತ್ತಿದ್ದಳು. ಇಷ್ಟು ಚಿಕ್ಕ ವಯಸ್ಸಿಗೆ ಎಂಥ ಭಕ್ತಿ ಎಂದು ತಾಯಿ ಓಣಿಗೆಲ್ಲ ಹೇಳಿಕೊಂಡು ಬಂದಳು. ಒಂದು ದಿನ ಪೂಜೆಗೆ ಬಂದ ಐನೋರು ಕೂಡ ಮೆಚ್ಚಿ, "ದೇವ್ರಿಗಿ ಕಡ್ಲಿ ಯಾಕವಾ?" ಎಂದು ಕೇಳಿದರು.

"ದೇವ್ರಿಗಿ ಅಲ್ರಿ. ಅಂವ ಸುಮ್ಮ ಮ್ಯಾಲ ಕುಂತಾನ. ಹಸಿವು ಕುದುರಿಗಿ ಆಗ್ತದ," ಎಂದಳಂತೆ.

ಐನೋರು ನಕ್ಕರು. ತಾಯಿ ಮಾತ್ರ ಓಣಿಯಲ್ಲಿ ಮುಖ ತಪ್ಪಿಸಿಕೊಂಡು ಓಡಾಡಬೇಕಾಯಿತು.

ನಿಜವಾದ ಕುದುರೆ ಆಕೆಗೆ ಸಿಕ್ಕಿದ್ದು ಬಷೀರಾನ ಟಾಂಗಾದಲ್ಲಿ. ಊರಿನವರನ್ನು ಬಸ್ಸು ನಿಲ್ಲುವ ಕ್ರಾಸಿನವರೆಗೆ ಬಿಟ್ಟುಬರುವುದು ಆ ಟಾಂಗಾದ ಕೆಲಸ. ಒಮ್ಮೆ ನೀಲಾಗೆ ಜ್ವರ ಬಂದು ದವಾಖಾನೆಗೆ ಕರೆದೊಯ್ಯುವಾಗ ಅದರಲ್ಲಿ ಕೂತಳು. ಅಂದಿನಿಂದ ಆಕೆಗೆ ಮೇಲಿಂದ ಮೇಲೆ ಜ್ವರ ಬರತೊಡಗಿತು. ದವಾಖಾನೆಯ ಬಾಗಿಲಿಗೆ ಹೋದ ಕೂಡಲೇ ಇಳಿಯುವ ಜ್ವರ ಅದು. ಬಷೀರಾ ಒಳ್ಳೆಯ ಮನುಷ್ಯ. ಹುಲ್ಲು ತಿನ್ನಿಸಲು ಬಿಡುತ್ತಿದ್ದ, ಕುತ್ತಿಗೆ ತಿಕ್ಕಲು ಬಿಡುತ್ತಿದ್ದ. ಬೆನ್ನ ಮೇಲೆ ಕೂರಿಸು ಎಂದರೆ ಮಾತ್ರ ತಲೆ ಅಲ್ಲಾಡಿಸುತ್ತಿದ್ದ.

"ಗಾಡಿದಾಗ ಕುಂದ್ರು ಬೇಟಾ. ಬೆನ್ನ ಮ್ಯಾಲ ಹೆಣ್ಮಕ್ಳು ಕುಂದ್ರಂಗಿಲ್ಲ. ನಿಮ್ಮಪ್ಪ ನೋಡಿದ್ರ ನನ್ನ ಚಾಬೂಕಿಲೇ ನನಗ ಹೊಡಿತಾನ."

ನೀಲಾ ಅತ್ತಳು, ಊಟ ಬಿಟ್ಟಳು, ಏನೂ ನಡೆಯಲಿಲ್ಲ. ಆಮೇಲೆ ತನ್ನದೇ ಒಂದು ದಾರಿ ಹುಡುಕಿಕೊಂಡಳು. ನಮ್ಮ ಕಡೆ ಮದುವೆಯ ದಿನ ವರ ಕುದುರೆ ಏರಿ ಬಾಜಾಭಜಂತ್ರಿಯೊಂದಿಗೆ ಹಣಮಂತ ದೇವರ ಗುಡಿಗೆ ಹೋಗಿ, ಅಲ್ಲಿಂದ ಮಂಟಪಕ್ಕೆ ಬರುತ್ತಾನೆ. ಕುದುರೆ ನಮ್ಮ ಮನೆ ಬಾಗಿಲಿಗೆ ಬರಬೇಕಾದರೆ ನನ್ನ ಮದುವೆ ಆಗಬೇಕು ಎಂದು ಆಕೆ ಲೆಕ್ಕ ಹಾಕಿದಳು. ಉಳಿದ ಹುಡುಗಿಯರು ಮದುವೆ ಎಂದರೆ ಗಂಡ ಹೇಗಿರುತ್ತಾನೋ ಎಂದು ಯೋಚಿಸುವ ವಯಸ್ಸಿನಲ್ಲಿ ನಮ್ಮ ವೈನಿ ಅವನ ಕೆಳಗೆ ಎಂಥ ಕುದುರೆ ಇರುತ್ತದೆ ಎಂದು ಯೋಚಿಸುತ್ತಿದ್ದಳು.

ನಾವು ಹೆಣ್ಣು ನೋಡಲು ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ನಾನಿನ್ನೂ ಹೈಸ್ಕೂಲು. ನಮ್ಮದು ಶಹಾಬಾದ, ಅಣ್ಣ ಸಂಗಮೇಶ್ವರ ಆಗ ತಾನೇ ಸಿಮೆಂಟು ಫ್ಯಾಕ್ಟರಿಯ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದ್ದ. ಮನೆಯ ಹಿರಿಯ ಬಸವಲಿಂಗ ಕಾಕಾ ಮುಂದೆ ಕೂತು ಕೇಳುವುದನ್ನೆಲ್ಲ ಕೇಳಿದರು. ಅಡುಗೆ ಬರುತ್ತದೆಯೇ, ವಚನ ಬರುತ್ತದೆಯೇ, ಎಷ್ಟು ಓದಿದ್ದೀ. ಕೊನೆಗೆ ದೊಡ್ಡಸ್ತಿಕೆಯಿಂದ, "ನಿನಗ ಏನರ ಕೇಳೋದದ ಏನವಾ ತಂಗಿ?" ಎಂದರು. ಈ ಪ್ರಶ್ನೆಗೆ ಹುಡುಗಿಯರು ತಲೆ ಬಗ್ಗಿಸಿ ಇಲ್ಲ ಎನ್ನುವುದು ವಾಡಿಕೆ. ಈಕೆ ತಲೆ ಎತ್ತಿದಳು.

"ಮದಿವಿಗಿ ಕುದುರಿ ತರ್ತೀರೇನ್ರಿ?"

ಕಾಕಾ ಚಹಾದ ಕಪ್ಪು ಕೆಳಗಿಟ್ಟರು. ನಮ್ಮ ಜನರಲ್ಲಿ ಈ ಮಾತಿಗೆ ಇರುವುದು ಒಂದೇ ಅರ್ಥ. ಹೆಣ್ಣಿನ ಕಡೆಯವರು ಗಂಡಿನ ಕಡೆಯವರ ತೂಕ ನೋಡುತ್ತಿದ್ದಾರೆ. ಒಂದು ಹುಡುಗಿಗೆ ಬರೀ ಕುದುರೆ ಎಂಬ ಪ್ರಾಣಿ ನೋಡಬೇಕಾಗಿದೆ ಎಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆಯಲು ಸಾಧ್ಯವೂ ಇರಲಿಲ್ಲ. ಕಾಕಾ ಮೀಸೆ ತಿರುವಿ, "ತರ್ತೀವಿ," ಎಂದರು. ಹಿಂದಿರುಗುವ ಬಸ್ಸಿನಲ್ಲಿ ಶಹಾಬಾದ ಬರುವವರೆಗೂ ಗೊಣಗಿದರು.

"ಕುದುರಿ ಕೇಳ್ತಾಳ. ನಾವೇನು ಗತಿಗೇಡಿಗಳು ಅಂತ ತಿಳಿದಾರೇನು. ಕುದುರಿಗಿ ಅಪ್ಪನಂಥಾದ್ದು ತರ್ತೀನಿ, ಇಡೀ ಮುಧೋಳ ಬಾಯಿ ತೆಕ್ಕೊಂಡು ನೋಡಬೇಕು."

ಮದುವೆಯ ದಿನ ಕಾಕಾ ಕಲಬುರಗಿಯಿಂದ ಬಿಳಿ ಅಂಬಾಸಿಡರ್ ಕಾರು ತಂದರು. ಅದಕ್ಕೆ ಚೆಂಡುಹೂವಿನ ಸರ, ಬಾನೆಟ್ಟಿನ ಮೇಲೆ ತೆಂಗಿನಕಾಯಿ. ಅಣ್ಣನನ್ನು ಒಳಗೆ ಕೂರಿಸಿ ಹಾರನ್ನು ಹೊಡೆಯುತ್ತ ಊರೊಳಗೆ ಬಂದೆವು. ಆ ಕಾರಿನ ಹಿಂದಿನ ಸೀಟಿನಲ್ಲಿ ನಾನೂ ಇದ್ದೆ. ಮುಧೋಳ ಬಾಯಿ ತೆರೆದುಕೊಂಡು ನೋಡಿದ್ದು ನಿಜ. ಕಿಟಕಿಯ ಹಿಂದೆ ಸಿಂಗರಿಸಿಕೊಂಡು ನಿಂತಿದ್ದ ಮದುಮಗಳು ಮಾತ್ರ ಹಾರನ್ನಿನ ಸದ್ದು ಕೇಳಿದ್ದೇ ಬಿಕ್ಕಿಬಿಕ್ಕಿ ಅಳಲು ಶುರು ಮಾಡಿದಳು. ತವರು ಬಿಡುವ ಸಂಕಟ ಎಂದು ಹೆಂಗಸರು ಸಮಾಧಾನ ಮಾಡಿದರು, ಅವರ ಕಣ್ಣಲ್ಲೂ ನೀರು ಬಂತು. ಹೊರಗೆ ಕಾಕಾ ಹೆಗಲ ಮೇಲಿನ ಟವೆಲಿನಿಂದ ಬಾನೆಟ್ಟು ಒರೆಸುತ್ತ, ಯಾರಾದರೂ ಹೊಗಳುತ್ತಾರೇನೋ ಎಂದು ಸುತ್ತ ನೋಡುತ್ತಿದ್ದರು.

ಬಹಳ ವರ್ಷಗಳ ಮೇಲೆ ವೈನಿ ನನಗೆ ಹೇಳಿದ್ದಳು. "ಖರೆ ಹೇಳ್ತೀನಿ ಬಸೂ, ಅವತ್ತು ಎದ್ದು ಹೋಗಿಬಿಡಬೇಕಂತ ಮಾಡಿದ್ದೆ. ಆದ್ರ ಹೋಳಿಗಿ ಎಲ್ಲಾ ಮಾಡಿ ಮುಗಿಸಿದ್ರು."

ಕಾರು ಬಂದದ್ದರಿಂದ ಖುಷಿಯಾದವನು ಒಬ್ಬನೇ, ನಮ್ಮ ಅಣ್ಣ. ಅವನು ಚಿಕ್ಕವನಿದ್ದಾಗ ಶಹಾಬಾದ ಸ್ಟೇಷನ್ನಿನ ಮುಂದೆ ಟಾಂಗಾದ ಕುದುರೆಯೊಂದು ಅವನ ಅಂಗಿಯ ತೋಳನ್ನು ಬಾಯಿ ಹಾಕಿ ಹರಿದಿತ್ತು. ಅಂದಿನಿಂದ ಕುದುರೆ ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾನೆ. ಈ ಸಂಗತಿ ವೈನಿಗೆ ತಿಳಿದದ್ದು ಆದಿತ್ಯನಗರದ ಫ್ಯಾಕ್ಟರಿ ಕ್ವಾರ್ಟರ್ಸಿಗೆ ಸಂಸಾರ ಹೂಡಲು ಬಂದ ಮೇಲೆ. ಆಗ ಮಾಡುವುದೇನಿತ್ತು?

ಕ್ವಾರ್ಟರ್ಸಿನಲ್ಲಿ ದನಕರು ಕಟ್ಟುವಂತಿರಲಿಲ್ಲ, ಕೋಳಿಯನ್ನೂ ಸಾಕುವಂತಿರಲಿಲ್ಲ. ವೈನಿ ಗೋಡೆಗೆ ಕುದುರೆ ಕ್ಯಾಲೆಂಡರು ತಗುಲಿಹಾಕಿದಳು. ವರ್ಷ ಕಳೆದರೂ ಅದನ್ನು ತೆಗೆಯಲಿಲ್ಲ, ಪಕ್ಕದಲ್ಲಿ ಇನ್ನೊಂದು ಬಂತು. ಮನೆಗೆ ಬಂದವರು ಇದು ನಿಮ್ಮ ಮನೆದೇವರೇನ್ರಿ ಎಂದು ಕೇಳುವ ಮಟ್ಟಕ್ಕೆ ಹೋಯಿತು. ಕುದುರೆ ಕಾಗದದ ಮೇಲೆ ಇರುವವರೆಗೆ ಅಣ್ಣನ ತಕರಾರು ಇರಲಿಲ್ಲ.

ಮೊದಲು ಮಗಳು ಹುಟ್ಟಿದಳು, ಭುವನೇಶ್ವರಿ. ಕೆಲವು ವರ್ಷ ಬಿಟ್ಟು ಮಗ ಸಂತೋಷಕುಮಾರ. ಮಗ ಹುಟ್ಟಿದ್ದೇ ವೈನಿಗೆ ಬದುಕಿನಲ್ಲಿ ಹೊಸ ಉಮೇದು ಬಂತು. ತನಗೆ ಆಗಲಿಲ್ಲ, ಗಂಡನ ಕೈಲೂ ಆಗಲಿಲ್ಲ, ಆದರೆ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಒಂದು ಜೀವವಾದರೂ ಕುದುರೆಯನ್ನು ತನ್ನಂತೆ ಪ್ರೀತಿಸಬೇಕು, ಅದರ ಬೆನ್ನ ಮೇಲೆ ಕೂರಬೇಕು. ಇದಿಷ್ಟೇ ಆಕೆ ದೇವರಲ್ಲಿ ಕೇಳಿಕೊಂಡದ್ದು. ತೊಟ್ಟಿಲಲ್ಲಿದ್ದ ಕೂಸಿನ ಕಾಲು ಹಿಡಿದು ನೋಡಿ, "ಕುದುರಿ ಹತ್ತೋ ಕಾಲು ಇವು," ಎಂದಳು. ನನ್ನ ಕಣ್ಣಿಗೆ ಅವು ಎಲ್ಲ ಕೂಸುಗಳ ಕಾಲಿನ ಹಾಗೆಯೇ ಕಂಡವು.

ಸಂತೋಷನ ಜವಳ, ಅಂದರೆ ಮೊದಲ ಸಲ ಕೂದಲು ತೆಗೆಸುವ ಕಾರ್ಯ, ಸೇಡಮಿನಲ್ಲಿ ಆಯಿತು. ಆ ಹೊತ್ತಿಗೆ ಆಟೋಗಳು ಬಂದು ಬಷೀರಾ ಟಾಂಗಾ ಬಿಟ್ಟು ಸೇಡಮಿಗೇ ಬಂದು ನೆಲೆಸಿದ್ದ. ಒಂದು ಬಿಳಿ ಕುದುರೆ ಇಟ್ಟುಕೊಂಡು ಮದುವೆಗಳಿಗೆ ಒಯ್ಯುತ್ತಿದ್ದ. ವೈನಿ ಅವನನ್ನು ಕರೆಸಿದಳು. ಆಗ ತಾನೇ ತಲೆ ಬೋಳಿಸಿಕೊಂಡು ಉರಿಗೆ ಅಳುತ್ತಿದ್ದ ಮಗುವನ್ನು, ಕಣ್ಣೀರು ಆರುವ ಮುನ್ನವೇ, ಎತ್ತಿ ಜೀನಿನ ಮೇಲೆ ಕೂರಿಸಿದಳು. ಬೋಳುತಲೆಯ ಮೇಲೆ ಕುದುರೆಯ ಬಾಲದ ಕೂದಲು ಬೇರೆ ಬಡಿಯಿತು. ಮಗು ಕಿರುಚಿದ್ದಕ್ಕೆ ಬಾಜಾದವರೇ ಬಾರಿಸುವುದನ್ನು ನಿಲ್ಲಿಸಿ ನೋಡಿದರು. ಜೀನೆಲ್ಲ ಒದ್ದೆಯಾಯಿತು. ಮಗುವನ್ನು ಕೆಳಗಿಳಿಸಿ ನಾನು ಎದೆಗೆ ಒತ್ತಿಕೊಂಡೆ.

"ನೋಡು, ಖುಷಿಗಿ ಹ್ಯಾಂಗ ಒದರ್ಯಾಡ್ಲಿಕತ್ತಾನ," ಎಂದಳು ವೈನಿ.

"ಅದು ಖುಷಿ ಅಲ್ಲ ವೈನಿ, ಅಂಜಿಕಿ," ಎಂದೆ. ಯಾರು ಕೇಳುತ್ತಾರೆ?

ಆ ಗದ್ದಲದಲ್ಲಿ ಭುವನಾ ತಾಯಿಯ ಸೆರಗು ಹಿಡಿದು ಎಳೆಯುತ್ತಿದ್ದಳು. "ಅವ್ವಾ, ನಾ ಕುಂದರ್ತೀನಿ. ನನಗ ಕುಂದ್ರಸು." ಬಷೀರಾ ಕೂಡ ಈ ಸಲ ತಲೆ ಅಲ್ಲಾಡಿಸಲಿಲ್ಲ, ಲಗಾಮು ಹಿಡಿದು ನಿಂತ. ವೈನಿ ಸೆರಗು ಬಿಡಿಸಿಕೊಂಡಳು. "ಜವಳ ತಮ್ಮಂದದ ಏನ್ ನಿಂದು? ಸುಮ್ಮ ನಿಂದ್ರು." ಬೈದದ್ದೂ ಅಲ್ಲ, ಕೋಪವೂ ಇರಲಿಲ್ಲ. ಅವಸರದಲ್ಲಿ ತಾಯಂದಿರು ದಿನಕ್ಕೆ ನೂರು ಸಲ ಆಡುವಂಥ ಮಾತು. ಹುಡುಗಿ ಸುಮ್ಮನೆ ನಿಂತಳು.

ಮುಂದಿನ ಇಪ್ಪತ್ತು ಚಿಲ್ಲರೆ ವರ್ಷ ವೈನಿ ಮಗನ ಹಿಂದೆ ಬಿದ್ದಳು. ಹುಟ್ಟುಹಬ್ಬಕ್ಕೆ ಮರದ ಕುದುರೆ ಕೊಟ್ಟಳು, ಅವನು ಅದರ ಮೇಲೆ ಒದ್ದೆ ಟವೆಲು ಒಣಹಾಕಿದ. ಶಾಲೆಯ ಗ್ಯಾದರಿಂಗಿನ ನಾಟಕದಲ್ಲಿ ಅವನಿಗೆ ರಾಜನ ವೇಷ ಬೇಕು ಎಂದು ಟೀಚರಿಗೆ ಗಂಟು ಬಿದ್ದಳು, ರಾಜನಿಗೆ ಕುದುರೆ ಇರುತ್ತದೆ ಎಂದು ಕೇಳಿದ ಕೂಡಲೇ ಅವನು ಕಾವಲುಗಾರನ ವೇಷ ಬೇಡಿಕೊಂಡ. ಅಪ್ಪನ ಅಂಜಿಕೆ ಮಗನಿಗೆ ಪೂರ್ತಿಯಾಗಿ ಇಳಿದಿತ್ತು, ಮೇಲೆ ತನ್ನದಿಷ್ಟು ಸೇರಿಸಿಕೊಂಡಿದ್ದ. ದೊಡ್ಡವನಾಗಿ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಕಾರಖಾನೆ ಹಾಕಿದ. ಅವನಿಗೆ ಪ್ರೀತಿ ಇದ್ದದ್ದು ಬುಲೆಟ್ ಬೈಕಿನ ಮೇಲೆ. "ಅದಕ್ಕ ಬಾಯಿ ಇಲ್ಲ ಅತ್ತಿ, ಕಡಿಯಂಗಿಲ್ಲ," ಎನ್ನುತ್ತಿದ್ದ ನನಗೆ.

ಭುವನಾ ನರ್ಸಿಂಗ್ ಓದಿದಳು, ಮದುವೆಯಾಗಿ ವಾಡಿ ಊರಿಗೆ ಹೋದಳು, ಅಲ್ಲೇ ಕೆಲಸಕ್ಕೂ ಸೇರಿದಳು. ಅವಳ ಮದುವೆಯಲ್ಲಿ ಅಳಿಯ ಕುದುರೆಯ ಮೇಲೆಯೇ ಬಂದ. ವೈನಿ ಆರತಿ ತಟ್ಟೆ ಹಿಡಿದು ಹೋದವಳು ಅಳಿಯನ ಮುಖ ನೋಡುವ ಮೊದಲು ಕುದುರೆಯ ಹಣೆಗೆ ಕುಂಕುಮ ಹಚ್ಚಿದಳು. ಮದುಮಗಳು ಒಳಗಿನ ಕೋಣೆಯಲ್ಲಿ ಕೂತಿದ್ದಳು. ಮದುಮಗಳಿಗೆ ಕುದುರೆ ತೋರಿಸಬೇಕು ಎಂಬ ಶಾಸ್ತ್ರ ನಮ್ಮಲ್ಲಿ ಇಲ್ಲ. ಆ ಕೋಣೆಯ ಬಾಗಿಲಲ್ಲಿ ನಾನು ಇದ್ದೆ. "ಅತ್ತಿ, ಕುದುರಿ ಯಾವ ಬಣ್ಣದ್ದದ?" ಎಂದು ಅವಳು ಕೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಕಪ್ಪು ಎಂದು ಹೇಳಿ ಬಂದೆ.

ಕಳೆದ ವರ್ಷ ಸಂತೋಷನಿಗೆ ಚಿಂಚೋಳಿಯ ಸಂಬಂಧ ಗಟ್ಟಿಯಾಯಿತು. ಅವರಿಗೂ ನಮಗೂ ಅನುಕೂಲವೆಂದು ಸೇಡಮಿನಲ್ಲಿ ಮದುವೆ. ವೈನಿ ಬಂಗಾರದ ಮಾತಾಡಲಿಲ್ಲ, ಸೀರೆಯ ಮಾತಾಡಲಿಲ್ಲ. ಆಕೆಯದು ಒಂದೇ ಕರಾರು, ಅದೂ ಸ್ವಂತ ಮಗನೊಂದಿಗೆ. ಹಣಮಂತನ ಗುಡಿಗೆ ಕುದುರೆ ಮೇಲೆ ಹೋಗಬೇಕು. ತೆರೆದ ಜೀಪು ತರುತ್ತೇನೆ ಎಂದ. ಆಕೆ ಊಟ ಬಿಟ್ಟಳು. ಚಿಕ್ಕಂದಿನಲ್ಲಿ ನಡೆಯದ ಉಪಾಯ ಈಗ ನಡೆಯಿತು, ಮೂರನೆಯ ಹೊತ್ತಿಗೆ ಅವನು ಹ್ಞೂಂ ಅಂದ.

ಬಷೀರಾ ತೀರಿಕೊಂಡು ವರ್ಷಗಳಾಗಿವೆ. ಈಗ ಆ ಕಸುಬು ಅವನ ಮೊಮ್ಮಗಳು ಹುಸ್ನಾಳದು. ಮದುವೆ ಕುದುರೆಯನ್ನು ಹುಡುಗಿ ಹಿಡಿದುಕೊಂಡು ಹೋಗುವುದು ನೋಡಿ ಜನ ಮೊದಮೊದಲು ಮೂಗು ಮುರಿದರು, ಬೇರೆ ಒಳ್ಳೆಯ ಕುದುರೆ ಊರಲ್ಲಿ ಇಲ್ಲವಾದ್ದರಿಂದ ಆಮೇಲೆ ರೂಢಿಯಾಯಿತು. ಅವಳ ಬಿಳಿ ಹೆಣ್ಣು ಕುದುರೆಯ ಹೆಸರು ಚಾಂದನಿ. ಮದುವೆಗೆಂದೇ ಪಳಗಿಸಿದ ಕುದುರೆ. ಬಾಜಾ ಬಾರಿಸಿದರೆ ಹೆಜ್ಜೆ ಹಾಕುತ್ತದೆ, ಬಾಜಾ ನಿಂತರೆ ನಡುರಸ್ತೆಯಲ್ಲಾದರೂ ಸರಿ, ನಿಂತುಬಿಡುತ್ತದೆ. ಮಗನಿಗೆ ಧೈರ್ಯ ಬರಲಿ ಎಂದು ವೈನಿ ಮದುವೆಗೆ ಮುಂಚಿನ ಐತವಾರಗಳಲ್ಲಿ ಅವನನ್ನು ಹುಸ್ನಾಳ ಕುದುರೆಲಾಯಕ್ಕೆ ಎಳೆದುಕೊಂಡು ಹೋದಳು. ನಾನು ಟೀಚರಾಗಿರುವ ಚಿತ್ತಾಪುರದಿಂದ ತಮಾಷೆ ನೋಡಲು ಹೋಗುತ್ತಿದ್ದೆ. ಭುವನಾ ವಾಡಿಯಿಂದ ಬರುತ್ತಿದ್ದಳು, ಕಡಲೆ ನೆನೆಸಿ ತರುವ ಕೆಲಸ ಅವಳದು.

ಮೂವತ್ತರ ಗಂಡಸು, ಕಲ್ಲಿನ ಕಾರಖಾನೆಯ ಮಾಲೀಕ, ಕೈಗೆ ಕ್ರಿಕೆಟ್ ಗ್ಲೌಸು ಹಾಕಿಕೊಂಡು, ತೋಳನ್ನು ಉದ್ದಕ್ಕೆ ಚಾಚಿ, ಮುಖ ಹಿಂದಕ್ಕೆ ತಿರುಗಿಸಿ ಕುದುರೆಗೆ ಕಡಲೆ ಹಿಡಿಯುತ್ತಿದ್ದ. ಚಾಂದನಿ ಆ ಗ್ಲೌಸನ್ನು ಮೂಸಿ ಬೇಸರದಿಂದ ಭುವನಾಳ ಕಡೆ ತಿರುಗುತ್ತಿತ್ತು. ಅವಳ ಬರೀ ಅಂಗೈಯಿಂದ ಒಂದು ಕಾಳೂ ಬಿಡದೆ ತಿನ್ನುತ್ತಿತ್ತು. ಅವಳು ಕಿವಿಯ ಹಿಂದೆ ತುರಿಸಿದರೆ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ನಾನು ನೋಡಿದೆ, ಹುಸ್ನಾ ನೋಡಿದಳು. ವೈನಿಯ ಕಣ್ಣೆಲ್ಲ ಗ್ಲೌಸಿನ ಮೇಲೆ.

"ಭುವನಾ, ನೀ ಎಲ್ಲಾ ತಿನ್ನಿಸಿಬಿಟ್ರ ತಮ್ಮನ ಕೈದಾಗಿಂದು ಹ್ಯಾಂಗ ತಿಂತದ? ಅತ್ಲಾಗ ಸರಿ," ಎಂದು ಗದರಿದಳು.

ಭುವನಾ ಕಡಲೆಯ ಚೀಲ ತೆಗೆದುಕೊಂಡು ಗೋಡೆಯ ಕಡೆ ಸರಿದಳು.

ಮದುವೆಯ ಬೆಳಿಗ್ಗೆ ಚಾಂದನಿ ಕನ್ನಡಿ ಚೂರಿನ ಝೂಲು ಹೊದ್ದು, ತಲೆಗೆ ತುರಾಯಿ ಸಿಕ್ಕಿಸಿಕೊಂಡು ಮಂಟಪದ ಬಾಗಿಲಿಗೆ ಬಂತು. ಐದು ಜನ ಮುತ್ತೈದೆಯರು ಆರತಿ ಎತ್ತಿದರು. ಬಾಜಾದವರು ಶುರು ಹಚ್ಚಿಕೊಂಡರು. ಬಾಸಿಂಗ ಕಟ್ಟಿಕೊಂಡ ಸಂತೋಷ ಹೊರಗೆ ಬಂದು ಕುದುರೆಯ ಎದುರು ನಿಂತ. ಒಂದು ಕಾಲು ಎತ್ತಿ ಜೀನಿನಿಂದ ಜೋತುಬಿದ್ದ ರಿಕಾಪಿನಲ್ಲಿ ಇಟ್ಟ. ಚಾಂದನಿ ಮೈ ಜಾಡಿಸಿತು, ಅಷ್ಟೇ. ಅವನು ಕಾಲು ತೆಗೆದು ಎರಡು ಹೆಜ್ಜೆ ಹಿಂದೆ ಸರಿದ. ಮುಖದಲ್ಲಿ ನೀರಿಳಿಯುತ್ತಿತ್ತು.

"ಅವ್ವಾ, ನನ್ನ ಕೈಲಿ ಆಗಂಗಿಲ್ಲ. ಕಾಲು ಬೀಳ್ತೀನಿ."

ಮದುಮಗ ಎಲ್ಲರೆದುರು ಬಗ್ಗಿ ತಾಯಿಯ ಕಾಲು ಹಿಡಿದೇಬಿಟ್ಟ. ವೈನಿಯ ಮುಖ ನೋಡಲಾಗಲಿಲ್ಲ ನನಗೆ. ಇಷ್ಟು ವರ್ಷ ನಗೆಯಾಡಿದವಳು ನಾನೇ, ಆದರೆ ಆ ಗಳಿಗೆಯಲ್ಲಿ ನಗೆ ಬರಲಿಲ್ಲ. ಆಕೆ ಬೈಯಲಿಲ್ಲ. ಮಗನನ್ನು ಎಬ್ಬಿಸಿ, ಬಾಸಿಂಗ ಸರಿಮಾಡಿ, "ಹೋಗಲಿ ಬಿಡು, ನಡಕೋತ ಹೋಗು," ಎಂದಳು.

ಅಲ್ಲಿಗೆ ಮುಗಿಯಬೇಕಿತ್ತು. ಚಿಂಚೋಳಿಯ ಬೀಗರ ಹಿರಿಯರು ಭೀಮಶ್ಯಾ ಅಡ್ಡ ಬಂದರು. ಆರತಿ ಎತ್ತಿಸಿಕೊಂಡ ಕುದುರೆ ಗುಡಿ ಕಾಣದೆ ಖಾಲಿ ಬೆನ್ನಿನಲ್ಲಿ ಮರಳಬಾರದು, ಅಪಶಕುನ, ಮದುಮಗನ ಮನೆತನದ ಯಾರಾದರೂ ಕೂರಲೇಬೇಕು ಎಂದರು. ಎಲ್ಲರೂ ಮದುಮಗನ ಅಪ್ಪನನ್ನು ಹುಡುಕಿದರು. ನಮ್ಮ ಅಣ್ಣ ಆಗಲೇ ಅಡುಗೆಯವರ ಕಡೆ ಸಾರಿನ ಉಪ್ಪು ನೋಡಲು ಹೋಗಿಯಾಗಿತ್ತು. ಹುಸ್ನಾ ವೈನಿಯ ಕಡೆ ತಿರುಗಿ ಮೆಲ್ಲಗೆ, "ಅಮ್ಮಾ, ನೀವೇ ಕುಂದ್ರಿ," ಎಂದಳು.

"ಹೆಣ್ಮಕ್ಳು ಹ್ಯಾಂಗ ಕುಂದ್ರತಾರ?" ಎಂದರು ಭೀಮಶ್ಯಾ.

ನನಗೆ ರೇಗಿತು. "ಕುದುರೀನೂ ಹೆಣ್ಣೇ ಅದರಿ. ಅದಕ್ಕ ಯಾರೂ ಬ್ಯಾಡ ಅಂದಿಲ್ಲಲ್ಲ," ಎಂದೆ. ಶಾಲೆಯಲ್ಲಿ ಮಕ್ಕಳನ್ನು ಗದರಿಸುವ ದನಿಯಲ್ಲಿ ಹೇಳಿದ್ದಕ್ಕೋ ಏನೋ, ಅವರು ಪಕ್ಕಕ್ಕೆ ಸರಿದರು.

ಹುಸ್ನಾ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಳು. ವೈನಿ ಇಳಕಲ್ ಸೀರೆಯ ನೆರಿಗೆ ಎತ್ತಿ ಹಿಡಿದು ಕುರ್ಚಿಯ ಮೇಲೆ ನಿಂತಳು. ಚಿಕ್ಕಂದಿನಿಂದ ಬೇಡಿದ್ದು ಕೈಯಳತೆಯಲ್ಲಿ ಇತ್ತು. ಜೀನಿನ ಮೇಲೆ ಕೈಯಿಟ್ಟಳು. ಆಗ ಚಾಂದನಿ ಕತ್ತು ಹೊರಳಿಸಿತು. ತುರಾಯಿ, ಝೂಲು, ಬಾಜಾ ಯಾವುದನ್ನೂ ಲೆಕ್ಕಿಸದೆ ಗುಂಪಿನೊಳಗೆ ಮೂತಿ ಚಾಚಿ ಯಾರನ್ನೋ ಹುಡುಕಿತು. ಗುಂಪಿನ ಹಿಂದೆ, ಯಾರದೋ ಕೂಸನ್ನು ಎತ್ತಿಕೊಂಡು ನಿಂತಿದ್ದ ಭುವನಾ ಸಿಕ್ಕಳು. ಅವಳು ಕೂಸನ್ನು ನನ್ನ ಕೈಗೆ ಕೊಟ್ಟು ಮುಂದೆ ಬಂದು ಅಂಗೈ ಒಡ್ಡಿದಳು. ಕಡಲೆ ಇರಲಿಲ್ಲ. ಕುದುರೆ ಆ ಖಾಲಿ ಅಂಗೈಯಲ್ಲೇ ಮೂತಿ ಇಟ್ಟು ನಿಂತಿತು. ಭುವನಾಳ ಇನ್ನೊಂದು ಕೈ ತಾನಾಗಿ ಅದರ ಕಿವಿಯ ಹಿಂದೆ ಹೋಯಿತು. ಅವಳ ಮುಖದಲ್ಲಿ ಆಗ ಇದ್ದದ್ದನ್ನು ನಾನು ಮೊದಲು ನೋಡಿದ್ದು ವೈನಿಯ ಮುಖದಲ್ಲಿ, ಕ್ಯಾಲೆಂಡರಿನ ಮುಂದೆ ನಿಂತಾಗ.

ವೈನಿ ಕುರ್ಚಿಯ ಮೇಲಿನಿಂದ ಅದನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಬಾಜಾದವರಿಗೂ ಏನು ಅನ್ನಿಸಿತೋ, ಬಾರಿಸುವುದು ನಿಂತಿತ್ತು.

"ಭುವನಾ," ಎಂದಳು. "ಬಾ ಇಲ್ಲಿ. ನೀ ಕುಂದ್ರು."

ಭುವನಾ ನಕ್ಕಳು. ಆ ನಗೆಯಲ್ಲಿ ಸಿಟ್ಟಿನ ಎಳೆಯೂ ಇರಲಿಲ್ಲ. ಸಿಟ್ಟು ಇದ್ದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

"ಬ್ಯಾಡವ್ವ. ತಮ್ಮನ ಜವಳದ ದಿನ ಕುಂದ್ರಬೇಕಂತ ಭಾಳ ಇತ್ತು. ಆಮ್ಯಾಲೂ ಭಾಳ ದಿನ ಇತ್ತು. ಈಗ ಇಲ್ಲ. ನೀ ಕುಂದ್ರು, ನಾ ಹಿಡ್ಕೋತೀನಿ."

ಹುಸ್ನಾ ಒಂದು ಕಡೆಯಿಂದ, ನಾನು ಕೂಸನ್ನು ಇನ್ಯಾರಿಗೋ ದಾಟಿಸಿ ಇನ್ನೊಂದು ಕಡೆಯಿಂದ, ವೈನಿಯನ್ನು ಎತ್ತಿ ಜೀನಿನ ಮೇಲೆ ಕೂರಿಸಿದೆವು. ಹುಸ್ನಾ ಲಗಾಮನ್ನು ಭುವನಾಳ ಕೈಗೆ ಕೊಟ್ಟಳು. ಬಾಜಾ ಮತ್ತೆ ಶುರುವಾಯಿತು. ಮುಂದೆ ಮದುಮಗ ನಡೆದು, ಹಿಂದೆ ಮದುಮಗನ ತಾಯಿ ಕುದುರೆ ಏರಿ, ಇಂಥ ಮೆರವಣಿಗೆಯನ್ನು ಸೇಡಂ ಪೇಟೆ ಮೊದಲು ಕಂಡಿರಲಾರದು. ಅಂಗಡಿಯವರೆಲ್ಲ ಮೊಬೈಲು ತೆಗೆದರು. ಜನ ಸೀಟಿ ಹೊಡೆದರು. ಕುದುರೆಯ ಮೇಲೆ ಕೂತಾಗ ತನಗೆ ಏನೇನು ಅನ್ನಿಸಬಹುದು ಎಂದು ವೈನಿ ಆದಿತ್ಯನಗರದ ಅಡುಗೆಮನೆಯಲ್ಲಿ ನನಗೆ ಎಷ್ಟು ಸಲ ವರ್ಣಿಸಿದ್ದಳೋ ಲೆಕ್ಕವಿಲ್ಲ. ನಾನು ಪಕ್ಕದಲ್ಲೇ ನಡೆಯುತ್ತಿದ್ದೆ, ಈಗ ಹೇಳುತ್ತಾಳೆ ಎಂದು ಕಾಯುತ್ತಿದ್ದೆ. ಆಕೆ ಕುದುರೆಯನ್ನು ನೋಡುತ್ತಲೇ ಇರಲಿಲ್ಲ.

ನಡುದಾರಿಯಲ್ಲಿ ಬಾಜಾದವರು ಬೀಡಿ ಸೇದಲು ನಿಂತರು. ಚಾಂದನಿಯೂ ರಸ್ತೆಯ ನಡುವೆ ನಿಂತುಬಿಟ್ಟಿತು. ಹಿಂದೆ ಲಾರಿಗಳು ಹಾರನ್ನು ಹೊಡೆಯತೊಡಗಿದವು. ಭುವನಾ ಲಗಾಮು ಹಿಡಿದು ಮುಂದೆ ನೋಡುತ್ತ ನಿಂತಿದ್ದಳು. ಅವಳ ಬೈತಲೆಯ ಪಕ್ಕ ಕೂದಲು ಬೆಳ್ಳಗಾಗಲು ಶುರುವಾಗಿತ್ತು, ಜಡೆ ಅವಸರದಲ್ಲಿ ಹೆಣೆದದ್ದು, ಮುಡಿದ ಮಲ್ಲಿಗೆ ಒಂದು ಕಡೆ ಜೋತುಬಿದ್ದಿತ್ತು. ವೈನಿ ಮೇಲಿನಿಂದ ಅದನ್ನೇ ನೋಡುತ್ತಿದ್ದಳು. ಕಣ್ಣು ತೆಗೆಯಲಿಲ್ಲ. ಮಗಳನ್ನು ಅಷ್ಟು ಹೊತ್ತು ಆಕೆ ನೋಡಿದ್ದನ್ನು ನಾನು ಬೇರೆ ಯಾವತ್ತೂ ಕಂಡವಳಲ್ಲ.

ಗುಡಿ ಬಂತು. ತೆಂಗಿನಕಾಯಿ ಒಡೆದರು. ಸಂತೋಷ ಒಳಗೆ ಹೋಗಿ ಕೈಮುಗಿದ. ನಾವು ವೈನಿಯನ್ನು ಇಳಿಸಿಕೊಂಡೆವು. ಕಾಲು ಮರಗಟ್ಟಿದ್ದವು, ನನ್ನ ಭುಜ ಹಿಡಿದು ನಿಂತಳು. ಹುಸ್ನಾ ಖುಷಿಯಿಂದ, "ಹ್ಯಾಂಗನಿಸ್ತು ಅಮ್ಮಾ?" ಎಂದು ಕೇಳಿದಳು. ವೈನಿ ನನ್ನ ಭುಜ ಬಿಟ್ಟಳು. ಚಾಂದನಿಯ ಬಾಯಿಯ ನೊರೆಯನ್ನು ಸೆರಗಿನಿಂದ ಒರೆಸುತ್ತಿದ್ದ ಮಗಳ ಬಳಿಗೆ ಹೋಗಿ ಅವಳ ಮೊಣಕೈ ಹಿಡಿದಳು.

"ಭುವನಾ, ನಿನಗ ಮತ್ತೇನೇನು ಬೇಕಿತ್ತು?"

ಭುವನಾ ತಾಯಿಯ ಮುಖವನ್ನೊಮ್ಮೆ ನೋಡಿ, ಸೊಟ್ಟಗಾಗಿದ್ದ ಆಕೆಯ ಸೆರಗನ್ನು ಹೆಗಲ ಮೇಲೆ ಸರಿಯಾಗಿ ಹೊದಿಸಿದಳು.

"ಅದೆಲ್ಲಾ ಈಗ ಹೇಳಾಕ ಕುಂತ್ರ ಮುಹೂರ್ತ ಮೀರ್ತದವ್ವ. ನಡಿ," ಎಂದಳು.